ಬೆಚ್ಚಿದ ಮಗು ಮತ್ತು ಓಲಾಡುವ ಕಣ್ಣು

2021ನೆಯ ಇಸವಿ ಜನವರಿ 21ರ ರಾತ್ರಿ. ಗಂಟೆ ಹತ್ತು ಕಳೆದು ಸ್ವಲ್ಪ ಹೊತ್ತಾಗಿತ್ತು. ಶಿವಮೊಗ್ಗದ ನವುಲೆಯ ನಮ್ಮ ಮನೆಯಲ್ಲಿ ಮರುದಿನದ ಪಾಠಕ್ಕೆಂದು ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ಇದ್ದಕ್ಕಿದ್ದಂತೆ ಮನೆ ಅದುರಿತು. ಕಿಟಕಿಯ ಗಾಜುಗಳು ಗಲಗಲನೆ ನಡುಗಿದವು. ಹಿಂದೆಯೇ ಎದೆಯ ಮೇಲೆ ಗುದ್ದಿದಂಥ ಒಂದು ಶಬ್ದ. ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಭೂಕಂಪವೆಂದು ಕೆಲವರು, ವಿಮಾನ ಬಿದ್ದಿತೆಂದು ಕೆಲವರು. ಕಂಪನವು ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಲ್ಲಿಯೂ ತಿಳಿದುಬಂದಿತೆಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು. ಸವಳಂಗದ ರಸ್ತೆಯಲ್ಲಿ ನಮ್ಮಿಂದ ಮುಂದಕ್ಕೆ ಅಬ್ಬಲಗೆರೆಯಿದೆ. ಅದರ ಬಳಿಯ ಹುಣಸೋಡಿನ ಕಲ್ಲುಕೋರೆಯಲ್ಲಿ ಬಂಡೆ ಸಿಡಿಸುವ ಸ್ಫೋಟಕಗಳು ಒಮ್ಮೆಗೇ ಸಿಡಿದು ಹಲವರು ಪ್ರಾಣ ತೆತ್ತಿದ್ದರು.

ನಮ್ಮ ಬೀದಿಯಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನಿದ್ದ. ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿ ಅವನ ಸಂಗತಿಯನ್ನು ಹೇಳುತ್ತೇವೆ. ಅವನು ಕಿಟಕಿಯ ಪಕ್ಕದಲ್ಲಿ ಮಲಗಿದ್ದ. ಗಾಜು ಒಡೆದು ಚೂರುಗಳು ಹಾಸಿಗೆಯ ಮೇಲೆ ಬಿದ್ದಿದ್ದವು. ಮೈಗೆ ಒಂದು ಗೀರೂ ಆಗಿರಲಿಲ್ಲ. ವಾರದೊಳಗೆ ಹೊಸ ಗಾಜು ಹಾಕಿಸಿದ್ದಾಯಿತು. ಆದರೆ ಹುಡುಗ ಮಾತ್ರ ಆ ಕೋಣೆಗೆ ಕಾಲಿಡಲೊಲ್ಲ. ಲಾರಿಯ ಹಿಂಬಾಗಿಲು ಬಡಿದರೆ ತಾಯಿಯ ಸೆರಗಿನೊಳಕ್ಕೆ ಮುಖ ಹುದುಗಿಸುವನು. ಎಂದೋ ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳಿ ಬಂದಿತು. ಕೊರೋನಾದ ದೆಸೆಯಿಂದ ಪ್ರಾಥಮಿಕ ಶಾಲೆಗಳು ಆಗ ಮುಚ್ಚಿದ್ದವು. ಗೆಳೆಯರ ನಡುವೆ ಬೆರೆತು ಮರೆಯುವ ದಾರಿಯೂ ಅವನಿಗಿರಲಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಭೌತವಿಜ್ಞಾನದ ಅಧ್ಯಾಪಕರಿಗೆ ವಿವರಣೆಯಲ್ಲಿ ವಿಪರೀತ ನಂಬಿಕೆ. ಕಾರಣ ತಿಳಿದರೆ ಭಯ ಹೋಗುತ್ತದೆಂದು ಭಾವಿಸಿ, ನಾವು ಹುಡುಗನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಪಾಠ ಮಾಡಿದೆವು. ಸ್ಫೋಟದ ಅಲೆ ನೆಲದೊಳಗೆ ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುತ್ತದೆ. ಹತ್ತು ಕಿಲೋಮೀಟರ್ ದೂರದಲ್ಲಿ ಸಿಡಿದರೆ ನೆಲ ಅದುರಿದ ಬಳಿಕ ಸುಮಾರು ಅರ್ಧ ನಿಮಿಷದ ವರೆಗೂ ಶಬ್ದ ಹಿಂದುಳಿಯಬಹುದು, ಎಂದೆಲ್ಲ ಹೇಳಿ ಸ್ಲೇಟಿನ ಮೇಲೆ ಚಿತ್ರ ಬರೆದು ತೋರಿಸಿದೆವು. ಹುಡುಗ ಜಾಣ. ಎಲ್ಲವನ್ನೂ ಚಾಚೂ ತಪ್ಪದೆ ಒಪ್ಪಿಸಿದ. ಅದೇ ಹೊತ್ತಿಗೆ ಪಕ್ಕದ ಮನೆಯವರು ತಗಡಿನ ಬಾಗಿಲೊಂದನ್ನು ಎಳೆದರು. 340 ಎಂದು ಹೇಳುತ್ತಿದ್ದ ಬಾಯಿ ಹಾಗೆಯೇ ತೆರೆದು ನಿಂತಿತು, ಕೈಕಾಲು ನಡುಗಿದವು.

ಮನೆಯವರು ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು, ಗಂಡುಹುಡುಗನಿಗೆ ಇಷ್ಟು ಪುಕ್ಕಲು ಸಲ್ಲದೆಂದು ತಂದೆ ಗದರಿಸಿಯೂ ನೋಡಿದರು. ಹತ್ತು ತಿಂಗಳು ಕಳೆದು ದೀಪಾವಳಿ ಬಂದಾಗ ಹುಡುಗ ಮೂರು ದಿನ ಕಿವಿಗೆ ಹತ್ತಿಯಿಟ್ಟು ನಡುಮನೆಯ ಮೂಲೆಯಲ್ಲಿ ಕುಳಿತ. ಆಗ ಅವನ ತಾಯಿ ನಮ್ಮನ್ನು ಕೇಳಿದರು: "ಬೆಂಗಳೂರಿನಲ್ಲಿ ಒಬ್ಬರು ಮಗುವಿನ ಕಣ್ಣ ಮುಂದೆ ಬೆರಳಾಡಿಸಿ ಭಯ ತೆಗೆಯುತ್ತಾರಂತೆ. ನೀವು ವಿಜ್ಞಾನ ಓದಿದವರು. ಇದೂ ತಾಯತದ ಜಾತಿಯೇ, ಅಥವಾ ಬೇರೆಯೋ?" ಆ ಕ್ಷಣದಲ್ಲಿ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ಅರಿತದ್ದನ್ನು ವಾಚಕರ ಮುಂದಿಡುತ್ತೇವೆ.

ಮೊದಲಿಗೆ, ನಮ್ಮ ಜಗುಲಿಯ ಪಾಠ ಏಕೆ ಸೋತಿತು? ಮಿದುಳಿನ ಒಳಗೆ, ಎರಡು ಪಕ್ಕಗಳಲ್ಲಿಯೂ ಬಾದಾಮಿಯ ಆಕಾರದ ಒಂದೊಂದು ಸಣ್ಣ ಗಂಟು ಇದೆ. ಅಮಿಗ್ಡಲ ಎಂದು ಅದರ ಹೆಸರು. ಗ್ರೀಕ್ ಭಾಷೆಯಲ್ಲಿ ಬಾದಾಮಿ ಎಂದೇ ಆ ಪದದ ಅರ್ಥ. ಅಪಾಯದ ಸೂಚನೆಯನ್ನು ಹಿಡಿಯುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಬುದ್ಧಿಯು ವಿಚಾರಮಾಡಿ ಮುಗಿಸುವ ಮೊದಲೇ ಅಮಿಗ್ಡಲವು ಗಂಟೆ ಬಾರಿಸಿರುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಸ ರಕ್ತಕ್ಕೆ ಸೇರುತ್ತದೆ; ಎದೆ ಹೊಡೆದುಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಾವು ಕಂಡಾಗ ಮೊದಲು ಹಾರಿ ಆಮೇಲೆ ಅದು ಹಗ್ಗವೆಂದು ತಿಳಿದು ನಗುವುದು ಈ ಏರ್ಪಾಡಿನಿಂದಲೇ. ಇದು ದೋಷವಲ್ಲ, ಇದಿಲ್ಲದಿದ್ದರೆ ನಮ್ಮ ಪೂರ್ವಜರು ಕಾಡಿನಲ್ಲಿ ಉಳಿಯುತ್ತಿರಲಿಲ್ಲ.

ಸಾಮಾನ್ಯವಾಗಿ ಒಂದು ಘಟನೆ ನಡೆದ ಮೇಲೆ ಅದಕ್ಕೆ ಸ್ಥಳ ಕಾಲಗಳ ಮುದ್ರೆ ಬೀಳುತ್ತದೆ. ಈ ಕೆಲಸದಲ್ಲಿ ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗದ ಪಾತ್ರ ದೊಡ್ಡದು. ಕಚೇರಿಯ ಗುಮಾಸ್ತನಂತೆ ಅದು ಕಡತಕ್ಕೆ ದಿನಾಂಕ ಹಾಕಿ ಕಪಾಟಿನಲ್ಲಿಡುತ್ತದೆ ಎನ್ನಬಹುದು. ಭಯವು ಮಿತಿಮೀರಿದಾಗ ಮುದ್ರೆ ಸರಿಯಾಗಿ ಬೀಳುವುದಿಲ್ಲವೆಂದು ಮನೋವಿಜ್ಞಾನಿಗಳ ಊಹೆ. ಶಬ್ದ, ಬೆಳಕು, ವಾಸನೆ, ಎದೆಯ ಬಡಿತ ಇವೆಲ್ಲ ಬಿಡಿಬಿಡಿಯಾಗಿ, ದಿನಾಂಕವಿಲ್ಲದೆ ಉಳಿದುಬಿಡುತ್ತವೆ. ಆದುದರಿಂದಲೇ ಅವು ಮರುಕಳಿಸಿದಾಗ ನೆನಪಿನಂತೆ ಬರುವುದಿಲ್ಲ. ಈಗಲೇ ನಡೆಯುತ್ತಿರುವಂತೆ ಬರುತ್ತವೆ. ಗುಮಾಸ್ತನ ಮಾತು ಕೇವಲ ಉಪಮಾನವೆಂದು ವಾಚಕರು ತಿಳಿಯಬೇಕು, ಮಿದುಳಿನಲ್ಲಿ ಕಪಾಟುಗಳಿಲ್ಲ. ಆದರೆ ನಮ್ಮ ಹುಡುಗನ ಸ್ಥಿತಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಶಬ್ದದ ವೇಗವನ್ನು ಅವನು ಕಲಿತದ್ದು ಒಂದು ಕಡೆ. ಭಯ ಕುಳಿತಿದ್ದುದು ಇನ್ನೊಂದು ಕಡೆ. ಎರಡಕ್ಕೂ ಪರಸ್ಪರ ಪರಿಚಯವೇ ಇರಲಿಲ್ಲ.

ಅಪಘಾತ ಕಂಡ ಮಕ್ಕಳೆಲ್ಲರೂ ಹೀಗಾಗುವರೆಂದು ಯಾರೂ ತಿಳಿಯಬಾರದು. ಬಹುಪಾಲು ಮಕ್ಕಳು ಕೆಲವು ವಾರಗಳೊಳಗೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಹೊತ್ತಿಗೆ ಸರಿಯಾಗಿ ಊಟ, ನಿದ್ರೆ, ಆಟ, ಕೇಳಿದ ಪ್ರಶ್ನೆಗೆ ನೇರವಾದ ಸಣ್ಣ ಉತ್ತರ, ರಾತ್ರಿ ಪಕ್ಕದಲ್ಲೊಬ್ಬರು ಇರುವ ಧೈರ್ಯ: ಇವೇ ಅವರಿಗೆ ಔಷಧ. ಅದೇ ಬೀದಿಯ ಬೇರೆ ಮಕ್ಕಳು ಹದಿನೈದು ದಿನಗಳಲ್ಲಿ ಸ್ಫೋಟದ ಆಟವನ್ನೇ ಕಟ್ಟಿಕೊಂಡು ಆಡುತ್ತಿದ್ದುದನ್ನು ನಾವು ಕಂಡಿದ್ದೇವೆ. ದುರಂತ ನಡೆದ ಕೂಡಲೇ ಎಲ್ಲರನ್ನೂ ಸಾಲಾಗಿ ಕೂರಿಸಿ ಕಂಡದ್ದನ್ನು ಬಲವಂತವಾಗಿ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಪಶ್ಚಿಮದೇಶಗಳಲ್ಲಿ ಹಬ್ಬಿತ್ತು. ಅದರಿಂದ ಪ್ರಯೋಜನವಿಲ್ಲವೆಂದು ಆಮೇಲೆ ತಿಳಿದುಬಂದಿದೆ. ಒಂದು ತಿಂಗಳು ಮೀರಿಯೂ ಬೆಚ್ಚುವಿಕೆ, ಕೆಟ್ಟ ಕನಸು, ಆ ಸ್ಥಳವನ್ನು ತಪ್ಪಿಸಿ ನಡೆಯುವುದು ಇವು ತಗ್ಗದೆ, ಮಗುವಿನ ದಿನಚರಿಯೇ ಕೆಟ್ಟರೆ ಮಾತ್ರ ಅದನ್ನು ಆಘಾತೋತ್ತರ ಮನೋರೋಗವೆಂದು ಸಂಶಯಿಸಿ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ಬಾಲಕನಿಗೆ ತಿಂಗಳಲ್ಲ, ಹತ್ತು ತಿಂಗಳು ಕಳೆದಿತ್ತು.

ಕನ್ನಡನಾಡಿಗೆ ಈ ವಿಷಯ ಹೊಸದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖವನ್ನು ಕುರಿತು ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ನಡೆಸಿದರು. ದುರಂತಾನಂತರದ ಮನಸ್ಸನ್ನು ನಮ್ಮ ದೇಶದಲ್ಲಿ ಶಾಸ್ತ್ರೀಯವಾಗಿ ಗಮನಿಸಿದ ಮೊದಮೊದಲ ಯತ್ನಗಳಲ್ಲಿ ಇದೂ ಒಂದು. ಮುಂದೆ 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಇವುಗಳ ತರುವಾಯವೂ ಅದೇ ಸಂಸ್ಥೆಯವರು ಅಲ್ಲಲ್ಲಿಗೆ ಹೋಗಿ ಜನರ ಮನಸ್ಸಿನ ಆರೈಕೆಯ ಕೆಲಸ ಮಾಡಿದರು. ಗುಜರಾತಿನ ಭೂಕಂಪದ ಅನಂತರ ಹೊರದೇಶದ ಶಿಕ್ಷಕರು ಬಂದು ನಮ್ಮ ಚಿಕಿತ್ಸಕರಿಗೆ ಕಣ್ಣಿನ ಚಲನೆಯ ವಿಧಾನದಲ್ಲಿ ತರಬೇತಿ ಕೊಟ್ಟರು.

ಈ ವಿಧಾನದ ಹುಟ್ಟು ವಿಚಿತ್ರವಾದುದು. ಅಮೆರಿಕದ ಫ್ರಾನ್ಸೀನ್ ಶಪೀರೊ ಎಂಬಾಕೆ ಮೊದಲು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿ. ಅರ್ಬುದರೋಗಕ್ಕೆ ತುತ್ತಾಗಿ ಗುಣಹೊಂದಿದ ಮೇಲೆ ದೇಹ ಮನಸ್ಸುಗಳ ಸಂಬಂಧದಲ್ಲಿ ಆಸಕ್ತಿ ಹುಟ್ಟಿ ಮನೋವಿಜ್ಞಾನಕ್ಕೆ ಬಂದರು. 1987ರಲ್ಲಿ ಒಂದು ದಿನ ಉದ್ಯಾನದಲ್ಲಿ ನಡೆಯುತ್ತಿದ್ದಾಗ ತಮ್ಮನ್ನು ಕಾಡುತ್ತಿದ್ದ ಕೆಲವು ಯೋಚನೆಗಳು ಇದ್ದಕ್ಕಿದ್ದಂತೆ ಮೊನಚು ಕಳೆದುಕೊಂಡುದನ್ನು ಆಕೆ ಕಂಡರು. ಆ ಯೋಚನೆಗಳು ಬಂದಾಗ ತಮ್ಮ ಕಣ್ಣುಗಳು ತಾವಾಗಿಯೇ ಅತ್ತಿತ್ತ ಓಡುತ್ತಿದ್ದುವೆಂಬುದೂ ಗಮನಕ್ಕೆ ಬಂದಿತು. ಬೇಕೆಂದೇ ಹಾಗೆ ಮಾಡಿ ನೋಡಿದರು. ಪರಿಚಿತರ ಮೇಲೆ ಪರೀಕ್ಷಿಸಿದರು. 1989ರಲ್ಲಿ 22 ಮಂದಿಯ ಮೇಲೆ ನಡೆಸಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಮೊದಲು ಕಣ್ಣಿನ ಚಲನೆಗೇ ಪ್ರಾಧಾನ್ಯವಿತ್ತು. ಬರಬರುತ್ತ ಅದು ಎಂಟು ಹಂತಗಳ ಒಂದು ಪೂರ್ಣ ಚಿಕಿತ್ಸೆಯಾಗಿ ಬೆಳೆದು, ಇ.ಎಂ.ಡಿ.ಆರ್. ಎಂಬ ನಾಲ್ಕಕ್ಷರಗಳ ಹೆಸರನ್ನು ಪಡೆಯಿತು. ಕಣ್ಣನ್ನು ಚಲಿಸುತ್ತ ನೆನಪಿನ ನೋವನ್ನು ಕುಗ್ಗಿಸಿ, ನೆನಪನ್ನು ಮರಳಿ ಹದಗೊಳಿಸುವ ಚಿಕಿತ್ಸೆ ಎಂದು ಅದರ ತಾತ್ಪರ್ಯ. ಶಪೀರೊ 2019ರಲ್ಲಿ ತೀರಿಕೊಂಡರು.

ಉದ್ಯಾನದ ಕಥೆಯನ್ನು ಓದಿದಾಗ ನಮಗೆ ನಂಬಿಕೆ ಹುಟ್ಟಲಿಲ್ಲ, ಸಂಶಯವೇ ಹುಟ್ಟಿತು. ಸೇಬಿನ ಹಣ್ಣು ಬಿದ್ದ ಕಥೆಯಂತೆ ಇಂಥ ಕಥೆಗಳು ಕಿವಿಗೆ ಇಂಪು. ಆದರೆ ಅವು ಸಾಕ್ಷ್ಯವಲ್ಲ. ಇರಲಿ. ಸಾಕ್ಷ್ಯದ ಮಾತಿಗೆ ಮುಂದೆ ಬರುತ್ತೇವೆ. ಚಿಕಿತ್ಸೆ ನಡೆಯುವುದು ಹೇಗೆಂದು ಮೊದಲು ನೋಡೋಣ.

ಚಿಕಿತ್ಸಕರು ಮಗುವನ್ನು ಕಂಡ ಕೂಡಲೇ ಬೆರಳಾಡಿಸಲು ತೊಡಗುವುದಿಲ್ಲ. ಒಂದೆರಡು ಭೇಟಿಗಳು ಪರಿಚಯಕ್ಕೇ ಹೋಗುತ್ತವೆ. ತಾಯಿತಂದೆಯರಿಂದ ಸಂಗತಿಯನ್ನು ಕೇಳಿಕೊಳ್ಳುತ್ತಾರೆ. ಮಗುವಿಗೆ ನೆಮ್ಮದಿಯೆನಿಸುವ ಒಂದು ಜಾಗವನ್ನು ಮನಸ್ಸಿನಲ್ಲಿ ಕಟ್ಟಿಸುತ್ತಾರೆ. ನಮ್ಮ ಹುಡುಗ ಅಜ್ಜಿಯ ಮನೆಯ ಅಡಿಕೆ ತೋಟದ ಕಾಲುವೆಯನ್ನು ಆರಿಸಿಕೊಂಡನಂತೆ. ಭಯ ಹೆಚ್ಚಿದರೆ ಅಲ್ಲಿಗೆ ಮರಳಬಹುದು. ಕೈಯೆತ್ತಿದರೆ ಎಲ್ಲವೂ ನಿಲ್ಲುತ್ತದೆ. ಈ ಅಧಿಕಾರ ಮಗುವಿನ ಕೈಯಲ್ಲಿದೆ ಎಂಬುದು ಮುಖ್ಯ. ಆ ರಾತ್ರಿ ಅವನಿಗೆ ಯಾವ ಅಧಿಕಾರವೂ ಇರಲಿಲ್ಲವಷ್ಟೆ.

ಅನಂತರ ನೆನಪಿನ ಅತ್ಯಂತ ಕೆಟ್ಟ ಚಿತ್ರವನ್ನು ಆರಿಸಬೇಕು. ಹೇಳಲು ಬಾರದ ಮಕ್ಕಳು ಬಣ್ಣದಲ್ಲಿ ಬರೆದು ತೋರಿಸುತ್ತಾರೆ. ಹುಡುಗನು ಬರೆದದ್ದು ಬೆಂಕಿಯನ್ನಲ್ಲ, ಕೋರೆಯನ್ನಲ್ಲ. ಹಾಸಿಗೆಯ ಮೇಲಿನ ಗಾಜಿನ ಚೂರುಗಳನ್ನು. ಆ ಚಿತ್ರ ಕಂಡಾಗ ತನ್ನ ಬಗ್ಗೆ ಏನನ್ನಿಸುತ್ತದೆ, ಮೈಯಲ್ಲಿ ಎಲ್ಲಿ ಬಿಗಿಯುತ್ತದೆ, ಸೊನ್ನೆಯಿಂದ ಹತ್ತರ ವರೆಗಿನ ಅಳತೆಯಲ್ಲಿ ಸಂಕಟವೆಷ್ಟು ಎಂದು ಕೇಳುತ್ತಾರೆ. ಚಿಕ್ಕ ಮಕ್ಕಳು ಎರಡು ಕೈಗಳನ್ನು ಅಗಲಿಸಿ ತೋರಿಸುವುದೂ ಉಂಟು. ಬಳಿಕ ಚಿಕಿತ್ಸಕರು ಮಗುವಿನ ಎದುರು ಬೆರಳನ್ನೋ ಬೊಂಬೆಯನ್ನೋ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡಿಸುತ್ತಾರೆ. ಮಗು ತಲೆಯನ್ನು ಅಲ್ಲಾಡಿಸದೆ ಕಣ್ಣಿನಿಂದ ಅದನ್ನು ಹಿಂಬಾಲಿಸುತ್ತ, ಅದೇ ಹೊತ್ತಿಗೆ ಕೆಟ್ಟ ಚಿತ್ರವನ್ನೂ ಮನಸ್ಸಿನಲ್ಲಿ ಹಿಡಿದಿರಬೇಕು. ಇಪ್ಪತ್ತು ಮೂವತ್ತು ಓಲಾಟಗಳಾದ ಮೇಲೆ ನಿಲ್ಲಿಸಿ, ಉಸಿರು ಬಿಡಿಸಿ, ಈಗ ಏನು ಬಂತು ಎಂದಷ್ಟೇ ಕೇಳುತ್ತಾರೆ. ಬಂದದ್ದನ್ನು ಹಿಡಿದು ಮತ್ತೊಂದು ಕಂತು. ಹೀಗೆಯೇ ಸಂಕಟದ ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯುವ ವರೆಗೆ. ಕೊನೆಯಲ್ಲಿ ಆ ಚಿತ್ರದ ಜೊತೆಗೆ ಹೊಸದೊಂದು ನಂಬಿಕೆಯನ್ನು ಸೇರಿಸುತ್ತಾರೆ: ಅದು ಮುಗಿಯಿತು, ನಾನು ಇಲ್ಲಿ ಕ್ಷೇಮವಾಗಿದ್ದೇನೆ ಎಂಬಂಥದು. ಮಗು ನಿದ್ರೆಹೋಗುವುದಿಲ್ಲ, ಮಂಪರಿಗೆ ಬೀಳುವುದಿಲ್ಲ, ಇದು ಸಂಮೋಹನವಲ್ಲ.

ಕಣ್ಣು ನಿಲ್ಲದ ಪುಟ್ಟ ಮಕ್ಕಳಿಗೆ ಅಂಗೈಗಳನ್ನು ಒಂದಾದಮೇಲೊಂದರಂತೆ ಮೆಲ್ಲಗೆ ತಟ್ಟುತ್ತಾರೆ. 1997ರಲ್ಲಿ ಮೆಕ್ಸಿಕೋ ದೇಶದ ಅಕಾಪುಲ್ಕೋ ನಗರವು ಪೌಲೀನಾ ಎಂಬ ಚಂಡಮಾರುತಕ್ಕೆ ಸಿಕ್ಕಿದಾಗ ಮಕ್ಕಳು ನೂರಾರು, ಚಿಕಿತ್ಸಕರು ಕೆಲವರೇ. ಅಲ್ಲಿ ಲೂಸೀನಾ ಆರ್ಟಿಗಾಸ್ ಎಂಬಾಕೆ ಒಂದು ಉಪಾಯ ಕಂಡುಕೊಂಡರು. ಮಗು ತನ್ನ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು, ಚಿಟ್ಟೆ ರೆಕ್ಕೆ ಬಡಿಯುವಂತೆ ಎಡಬಲ ಭುಜಗಳ ಬಳಿ ತಾನೇ ತಟ್ಟಿಕೊಳ್ಳುವುದು. ಚಿಟ್ಟೆಯಪ್ಪುಗೆ ಎಂದು ಇದನ್ನು ಕರೆಯುತ್ತಾರೆ. ಮಕ್ಕಳು ಗುಂಪಾಗಿ ಕುಳಿತು ಚಿತ್ರ ಬರೆದು, ಹೀಗೆ ತಟ್ಟಿಕೊಂಡು, ಮತ್ತೆ ಚಿತ್ರ ಬರೆಯುವ ಕ್ರಮವೊಂದು ಅದರಿಂದ ಬೆಳೆದು ಅನೇಕ ದೇಶಗಳಿಗೆ ಹರಡಿತು.

ಹಾಗಾದರೆ ಓಲಾಡುವ ಕಣ್ಣಿಗೂ ನೆನಪಿಗೂ ಏನು ಸಂಬಂಧ? ನಮ್ಮಂಥವರಿಗೆ ಓಲಾಟ ಕಂಡರೆ ಲೋಲಕದ ನೆನಪಾಗಿ, ಎಲ್ಲಿಯಾದರೂ ಅನುನಾದವಿದೆಯೇ ಎಂದು ಹುಡುಕುವ ಚಟ. ಅಂಥದೇ ಒಂದು ವಾದ ಈ ಕ್ಷೇತ್ರದಲ್ಲಿಯೂ ಇತ್ತು: ಎಡಬಲ ಚಲನೆಯು ಮಿದುಳಿನ ಎರಡು ಅರ್ಧಗೋಳಗಳನ್ನು ಒಂದಕ್ಕೊಂದು ಹೊಂದಿಸುತ್ತದೆಂದು. ಆದರೆ 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಣ್ಣನ್ನು ಮೇಲೆ ಕೆಳಗೆ ಆಡಿಸಿದರೂ ಅಷ್ಟೇ ಫಲ ಸಿಕ್ಕಿತು. ಎಡಬಲದ ವಾದಕ್ಕೆ ಇದು ದೊಡ್ಡ ಪೆಟ್ಟು.

ಈಗ ಹೆಚ್ಚು ಮಂದಿ ಒಪ್ಪುವ ವಿವರಣೆ ಬೇರೆ. ಅದನ್ನು ವಾಚಕರು ಕುಳಿತಲ್ಲಿಯೇ ಪರೀಕ್ಷಿಸಬಹುದು. ಮಳೆಗಾಲದ ಜೋಗದ ಜಲಪಾತವನ್ನು ನೆನೆಯಿರಿ. ರಾಜನ ಗಾಂಭೀರ್ಯ, ರಾಕೆಟ್ಟಿನ ರಭಸ, ಮುಖಕ್ಕೆ ಬಂದು ತಗಲುವ ತುಂತುರು ಎಲ್ಲವೂ ಕಣ್ಣಿಗೆ ಕಟ್ಟಲಿ. ಈಗ ಆ ಚಿತ್ರವನ್ನು ಬಿಡದೆ, ನೂರರಿಂದ ಏಳೇಳನ್ನು ಕಳೆಯುತ್ತ ಬನ್ನಿ: ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಜಲಪಾತ ಏನಾಯಿತು? ಬಣ್ಣ ಕಳೆದ ಹಳೆಯ ಛಾಯಾಚಿತ್ರದಂತೆ ಮಂಕಾಗಿರಬೇಕು. ಸಂತೋಷದ ನೆನಪನ್ನೇ ಬಳಸಿ; ದುಃಖದ ನೆನಪಿನೊಡನೆ ಈ ಆಟ ಬೇಡ.

ಕಾರಣವಿಷ್ಟೆ. ಮನಸ್ಸಿನಲ್ಲಿ ಒಮ್ಮೆಗೆ ಹಿಡಿದು ಕೆಲಸಮಾಡಬಲ್ಲ ಜಾಗ ಬಹಳ ಕಿರಿದು. ಇದನ್ನು ಕಾರ್ಯಸ್ಮೃತಿ ಎಂದು ಕರೆಯೋಣ. ಸಣ್ಣ ಮೇಜಿನ ಮೇಲೆ ಎರಡು ದೊಡ್ಡ ನಕಾಶೆಗಳನ್ನು ಪೂರ್ತಿ ಹರಡಲಾಗದು. ಬೆರಳನ್ನು ಹಿಂಬಾಲಿಸಲು ಜಾಗ ಬೇಕು, ಭಯದ ಚಿತ್ರಕ್ಕೂ ಜಾಗ ಬೇಕು. ಆದುದರಿಂದ ಚಿತ್ರ ಕುಗ್ಗುತ್ತದೆ. ಕಣ್ಣನ್ನು ಚಲಿಸುತ್ತ ನೆನೆದ ಚಿತ್ರಗಳ ಸ್ಪಷ್ಟತೆಯೂ ತೀವ್ರತೆಯೂ ತಗ್ಗುತ್ತವೆಂದು 1997ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳು ತೋರಿಸಿದರು. ಕಾರ್ಯಸ್ಮೃತಿಯ ಸಿದ್ಧಾಂತಕ್ಕೆ ಹೆಸರಾದ ಬ್ಯಾಡ್ಲಿ ಅವರೂ ಆ ತಂಡದಲ್ಲಿದ್ದರು. ಮುಂದೆ ನೆದರ್ಲೆಂಡಿನವರು ಇಂಥ ಪ್ರಯೋಗಗಳನ್ನು ಬಹಳವಾಗಿ ನಡೆಸಿದರು.

ಆದರೆ ಚಿತ್ರ ಆ ಹೊತ್ತಿಗೆ ಮಂಕಾದರೆ ಸಾಲದು. ಮನೆಗೆ ಹೋದ ಮೇಲೆಯೂ ಮಂಕಾಗಿಯೇ ಉಳಿಯಬೇಕು. ಇಲ್ಲಿ ಇನ್ನೊಂದು ಆವಿಷ್ಕಾರ ನೆರವಿಗೆ ಬರುತ್ತದೆ. ಒಮ್ಮೆ ಅಚ್ಚಾದ ನೆನಪು ಕಲ್ಲಿನ ಶಾಸನದಂತೆ ಬದಲಾಗದೆಂದು ಬಹುಕಾಲ ತಿಳಿಯಲಾಗಿತ್ತು. 2000ನೆಯ ಇಸವಿಯಲ್ಲಿ ನೇಡರ್, ಲೆಡೂ ಮುಂತಾದವರು ಇಲಿಗಳಲ್ಲಿ ಬೇರೆಯದನ್ನು ಕಂಡರು. ಭಯದ ನೆನಪನ್ನು ಮತ್ತೆ ಎಬ್ಬಿಸಿದಾಗ ಅದು ಸ್ವಲ್ಪ ಕಾಲ ಮೆತ್ತಗಾಗುತ್ತದೆ. ಹೊಸದಾಗಿ ಗಟ್ಟಿಗೊಂಡ ಮೇಲೆಯೇ ಪುನಃ ನೆಲೆಗೊಳ್ಳುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ತಣ್ಣಗಿನ ಸರಳನ್ನು ಎಷ್ಟು ಬಡಿದರೂ ಅದು ಮಣಿಯದು; ಕೆಂಪಗೆ ಕಾಯಿಸಿದಾಗ ಬಾಗಿಸಿದರೆ, ಆರಿದ ಮೇಲೆ ಹೊಸ ಆಕಾರದಲ್ಲಿಯೇ ನಿಲ್ಲುತ್ತದೆ. ಮರೆತುಬಿಡು ಎಂದು ಗದರಿಸುವ ತಂದೆ ತಣ್ಣಗಿನ ಸರಳನ್ನು ಬಡಿಯುತ್ತಿದ್ದಾರೆ. ಸುಮ್ಮನೆ ಮತ್ತೆ ಮತ್ತೆ ನೆನಪಿಸಿ ಅಳಿಸುವುದು ಕಾಯಿಸಿ ಹಾಗೆಯೇ ಬಿಟ್ಟಂತೆ. ನೆನಪನ್ನು ಎಬ್ಬಿಸಿ, ಅದು ಮೆತ್ತಗಿರುವಾಗಲೇ, ಕ್ಷೇಮದ ಜಾಗದಲ್ಲಿ ಅದರ ಕಾವನ್ನು ತಗ್ಗಿಸಿ ಮರಳಿ ಇರಿಸಬೇಕು. ಮನುಷ್ಯರ ಚಿಕಿತ್ಸೆಯಲ್ಲಿಯೂ ಇದೇ ನಡೆಯುತ್ತದೆಂಬುದು ಇನ್ನೂ ಪೂರ್ತಿ ಸಿದ್ಧವಾಗಿಲ್ಲವೆಂದು ಹೇಳುವುದು ನ್ಯಾಯ. ಆದರೆ 2019ರಲ್ಲಿ ದಕ್ಷಿಣ ಕೊರಿಯದ ವಿಜ್ಞಾನಿಗಳು ಇಲಿಮರಿಗಳಂಥ ಸಣ್ಣ ಇಲಿಗಳ ಮುಂದೆ ಬೆಳಕನ್ನು ಎಡಬಲಕ್ಕೆ ಆಡಿಸಿದಾಗ ಅವುಗಳ ಭಯ ಬೇಗ ಇಳಿದು, ಮತ್ತೆ ಅಷ್ಟಾಗಿ ಮರುಕಳಿಸಲಿಲ್ಲ. ಕಣ್ಣಿನ ಚಲನೆಯನ್ನು ನಡೆಸುವ ಮಿದುಳಿನ ಭಾಗದಿಂದ ಅಮಿಗ್ಡಲದ ವರೆಗೆ ಸಾಗುವ ನರಮಾರ್ಗವನ್ನೂ ಅವರು ಗುರುತಿಸಿದರು. ಇಲಿಗೆ ಚಿಕಿತ್ಸಕರ ಮೇಲೆ ನಂಬಿಕೆಯಿತ್ತೆಂದು ಯಾರೂ ಆಕ್ಷೇಪಿಸಲಾರರು!

ಇನ್ನು ಸಾಕ್ಷ್ಯದ ಮಾತು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಡಬೇಕು. ಈ ಚಿಕಿತ್ಸೆಯಿಂದ ಗುಣವಾಗುತ್ತದೆಯೇ? ಗುಣವಾದರೆ ಅದು ಕಣ್ಣಿನ ಚಲನೆಯಿಂದಲೋ, ಉಳಿದ ಹಂತಗಳಿಂದಲೋ? ಎರಡನ್ನೂ ಬೆರೆಸಿದ್ದರಿಂದಲೇ ವಾದವಿವಾದಗಳು ಬೆಳೆದವು.

ಮೊದಲನೆಯದಕ್ಕೆ ಉತ್ತರ ಸಾಕಷ್ಟು ದೃಢವಾಗಿದೆ. ನಮ್ಮ ಹುಣಸೋಡಿಗೆ ಹೋಲುವ ಒಂದು ನಿದರ್ಶನವೇ ಸಿಗುತ್ತದೆ. 2000ನೆಯ ಇಸವಿ ಮೇ 13ರಂದು ನೆದರ್ಲೆಂಡಿನ ಎನ್ಸ್‌ಖೆಡೆ ಎಂಬ ಊರಿನಲ್ಲಿ ಪಟಾಕಿಯ ಉಗ್ರಾಣವೊಂದು ಸಿಡಿದು 20ಕ್ಕೂ ಹೆಚ್ಚು ಮಂದಿ ಸತ್ತರು. ನೂರಾರು ಮನೆಗಳು ನೆಲಸಮವಾದವು. ಆ ಸ್ಫೋಟದಿಂದ ನೊಂದ 4ರಿಂದ 18 ವರ್ಷದ 52 ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಮಾಡಿ, ಒಂದಕ್ಕೆ ಕಣ್ಣಿನ ಚಲನೆಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಪ್ರಸಿದ್ಧ ಚಿಕಿತ್ಸೆಯನ್ನೂ ಕೊಟ್ಟರು. ಎರಡು ಗುಂಪುಗಳೂ ಚೇತರಿಸಿದವು. ಮೂರು ತಿಂಗಳ ಬಳಿಕವೂ ಚೇತರಿಕೆ ಉಳಿದಿತ್ತು. ಕಣ್ಣಿನ ಚಿಕಿತ್ಸೆಗೆ ಮಾತ್ರ ಕಡಿಮೆ ಭೇಟಿಗಳು ಸಾಕಾದವು. ಇದರ ವರದಿ 2011ರಲ್ಲಿ ಹೊರಬಂದಿತು. ಅದೇ ದೇಶದಲ್ಲಿ 2017ರಲ್ಲಿ 103 ಮಕ್ಕಳ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಚಿಕಿತ್ಸೆ ಪಡೆಯದೆ ಕಾಯುತ್ತಿದ್ದ ಮಕ್ಕಳ ಗುಂಪನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದರು. ಚಿಕಿತ್ಸೆ ಪಡೆದ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ರೋಗದ ಲಕ್ಷಣಗಳ ಮಿತಿಯಿಂದ ಹೊರಗೆ ಬಂದರು. ಆದರೆ ಘಟನೆಯನ್ನು ಬರೆದು ಬರೆದು ಹಗುರಾಗುವ ಬೇರೊಂದು ವಿಧಾನವೂ ಅಷ್ಟೇ ಫಲ ಕೊಟ್ಟಿತೆಂಬುದನ್ನು ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಮಕ್ಕಳಿಗೂ ದೊಡ್ಡವರಿಗೂ ಈ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯು 2018ರಲ್ಲಿ ಇನ್ನಷ್ಟು ಎಚ್ಚರ ವಹಿಸಿ, ಮೊದಲು ಆಲೋಚನೆ ತಿದ್ದುವ ಚಿಕಿತ್ಸೆಯನ್ನು ಕೊಟ್ಟುನೋಡಿ, ಅದು ಹಿಡಿಸದ ಮಕ್ಕಳಿಗೆ ಇದನ್ನು ಯೋಚಿಸಬಹುದೆಂದಿತು.

ಎರಡನೆಯ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2001ರಲ್ಲಿ ಮಾಡಿದ ವಿಶ್ಲೇಷಣೆಯು ಕಣ್ಣನ್ನು ಆಡಿಸದಿದ್ದರೂ ಫಲ ಅಷ್ಟೇ ಎಂದಿತು. 2013ರ ಮತ್ತೊಂದು ವಿಶ್ಲೇಷಣೆಯು ಕಣ್ಣಿನ ಚಲನೆಯಿಂದ ಹೆಚ್ಚುವರಿ ಲಾಭವಿದೆ ಎಂದಿತು. ನಮಗೆ ತೋರುವುದಿದು: ಕಣ್ಣಿನ ಓಲಾಟವು ಮಂತ್ರದಂಡವಲ್ಲ. ಕಾರ್ಯಸ್ಮೃತಿಯ ಮೇಜನ್ನು ಅರ್ಧ ತುಂಬಿಸಬಲ್ಲ ಬೇರೆ ಕೆಲಸವೂ ಅದರ ಬದಲಿಗೆ ನಡೆದೀತು. ಆದರೆ ನೆನಪನ್ನು ಎಬ್ಬಿಸುವುದು, ಎಬ್ಬಿಸಿದಾಗ ಮಗು ಅದರಲ್ಲಿ ಮುಳುಗಿಹೋಗದಂತೆ ಒಂದು ಕಾಲನ್ನು ಈ ಕೋಣೆಯಲ್ಲಿ, ಈ ದಿನದಲ್ಲಿ ಊರಿಸಿ ನಿಲ್ಲಿಸುವುದು, ಇದಕ್ಕೆ ಬದಲಿಯಿಲ್ಲ. ತಾಯತಕ್ಕೂ ಇದಕ್ಕೂ ಇರುವ ವ್ಯತ್ಯಾಸವೂ ಅಲ್ಲಿಯೇ ಇದೆ. ತಾಯತವನ್ನು ಯಾರೂ ಎರಡು ಗುಂಪುಮಾಡಿ ತೂಗಿ ನೋಡಿಲ್ಲ. ಇದನ್ನು ತೂಗಿದ್ದಾರೆ, ತೂಕ ಕಡಿಮೆ ಬಿದ್ದಾಗ ಕಡಿಮೆಯೆಂದೇ ಬರೆದಿದ್ದಾರೆ.

ಮಾತು ಕಡಿಮೆ ಸಾಕಾಗುವುದು ಇದರ ಒಂದು ಗುಣ. ನಮ್ಮ ಹಳ್ಳಿಯ ಮಕ್ಕಳು ತಮಗಾದ ಭಯವನ್ನು ಹೊಟ್ಟೆನೋವು, ತಲೆನೋವು ಎಂದೇ ಹೇಳುತ್ತಾರೆ. ಅಂಥವರಿಂದ ದೀರ್ಘವಾದ ಕಥನವನ್ನು ಹೊರಡಿಸುವುದು ಕಷ್ಟ. ಒಂದು ಚಿತ್ರ, ಒಂದು ಅಂಕಿ ಸಿಗುತ್ತವೆ. ಇದರ ಅಪಾಯವೂ ಇಲ್ಲಿಯೇ ಇದೆ: ನೋಡುವವರಿಗೆ ಬೆರಳಾಡಿಸುವುದಷ್ಟೇ ಕಾಣುವುದರಿಂದ, ಅದನ್ನು ಯಾರು ಬೇಕಾದರೂ ಮಾಡಬಹುದೆನಿಸುತ್ತದೆ. ಹಾಗೆ ಖಂಡಿತ ಮಾಡಕೂಡದು. ಎಬ್ಬಿಸಿದ ನೆನಪನ್ನು ಮಲಗಿಸಲು ತಿಳಿಯದವರು ಎಬ್ಬಿಸಬಾರದು. ಮನೆಯಲ್ಲಿ ದಿನವೂ ಹೊಡೆತ ತಿನ್ನುತ್ತಿರುವ ಮಗುವಿಗೆ ಮೊದಲು ಬೇಕಾದುದು ರಕ್ಷಣೆ. ಅಲ್ಲಿ ಗಂಟೆ ಬಾರಿಸುತ್ತಿರುವ ಅಮಿಗ್ಡಲವು ಸುಳ್ಳು ಹೇಳುತ್ತಿಲ್ಲ. ಈ ವಿಧಾನದಲ್ಲಿ ತರಬೇತಿ ಪಡೆದವರು ನಮ್ಮಲ್ಲಿ ಇನ್ನೂ ವಿರಳ, ಅದರಲ್ಲಿಯೂ ಊರುಗಳಿಂದ ದೂರ. ಆದರೆ ಸಲಹೆ ಕೇಳಲು ದೂರ ಹೋಗಬೇಕಾಗಿಲ್ಲ. ಮನೋವೈದ್ಯ ಡಾ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವ ವರೆಗೆ ಬರಹದಿಂದಲೂ ಚಲನಚಿತ್ರದಿಂದಲೂ ಮನಸ್ಸಿನ ಕಾಯಿಲೆಯ ಮಾತನ್ನು ಮನೆಮನೆಗೆ ಒಯ್ದ ಊರು ನಮ್ಮದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಎಲ್ಲಿಗೆ ಹೋಗಬೇಕೆಂದು ಅವರು ತಿಳಿಸುತ್ತಾರೆ.

ನಮ್ಮ ಹುಡುಗನನ್ನು 2022ರ ಆರಂಭದಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಒಟ್ಟು ಆರು ಭೇಟಿಗಳು. ಒಮ್ಮೆ ನಾವೂ ಜೊತೆಗಿದ್ದೆವು. ಒಳಕ್ಕೆ ಬಿಡಲಿಲ್ಲ, ಅದು ಸರಿಯೇ. ಮೊದಲ ದಿನ ಒಂಬತ್ತೆಂದು ಹೇಳಿದ ಸಂಕಟ ಕೊನೆಯ ದಿನ ಒಂದಕ್ಕೆ ಇಳಿದಿತ್ತೆಂದು ತಾಯಿ ಹೇಳಿದರು. ಸೊನ್ನೆ ಏಕಲ್ಲವೆಂದು ಕೇಳಿದ್ದಕ್ಕೆ, ಗಾಜು ಒಡೆದದ್ದು ನಿಜವೇ ಅಲ್ಲವೆ ಎಂದನಂತೆ. ಅವನು ತಾನಾಗಿಯೇ ಗುಣವಾಗುತ್ತಿದ್ದನೇನೋ, ಯಾರು ಬಲ್ಲರು? ಒಂದೇ ಅಳತೆಯಿಂದ ನಿಯಮ ಬರೆಯುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಆ 52 ಮತ್ತು 103 ಮಕ್ಕಳ ಲೆಕ್ಕವನ್ನು ಮೇಲೆ ಕೊಟ್ಟದ್ದು ಅದಕ್ಕಾಗಿಯೇ.

ಆ ವರ್ಷ ಭರಣಿ ಮಳೆ ಹಿಡಿದ ಒಂದು ಸಂಜೆ ಹುಡುಗ ತಾನೇ ನಮ್ಮ ಜಗುಲಿಗೆ ಬಂದ. ಅಬ್ಬಲಗೆರೆಯ ಕಡೆಗೆ ಮಿಂಚಿತು. ಅವನು ತಟ್ಟನೆ ಬೆರಳು ಮಡಿಸತೊಡಗಿದ. ಕೈ ಸ್ವಲ್ಪ ನಡುಗುತ್ತಿತ್ತು, ಆದರೆ ಎಣಿಕೆ ತಪ್ಪಲಿಲ್ಲ. ಗುಡುಗಿದಾಗ ಒಂಬತ್ತಕ್ಕೆ ಬಂದಿದ್ದ. ನಾವು ಬಾಯಿ ತೆರೆಯುವಷ್ಟರಲ್ಲಿ, "ಮೂರು ಕಿಲೋಮೀಟರಿಗೆ ಒಂಚೂರು ಜಾಸ್ತಿ" ಎಂದು ಹೇಳಿ, ಮುಂದಿನ ಮಿಂಚಿಗೆ ಕಾಯುತ್ತ ಕುಳಿತ.